ಗಲ್ಲಾದಲ್ಲಿ ಕೂತ ಕಾಯಿಲೆ

ನನ್ನ ಕಾಯಿಲೆಯನ್ನು ಮೊದಲು ಕಂಡವರು ನನ್ನ ಸೋದರಮಾವ. ಕಂಡವರೇ ಅಭಿನಂದನೆ ಹೇಳಿದರು. "ಈಗ ನೋಡು, ಮುಖದಲ್ಲಿ ಧಣಿಯ ಕಳೆ ಬಂತು ಮಾರಾಯ!" ದಿಲ್ಲಿ ಪಕ್ಕದ ನೋಯ್ಡಾದ ನಮ್ಮ ಹೋಟೆಲಿನಲ್ಲಿ ನಾನು ಆಗ ಅಡುಗೆಮನೆಗೆ ಬೆನ್ನು ಹಾಕಿ ಗಲ್ಲಾದಲ್ಲಿ ಕೂತಿದ್ದೆ. ಒಳಗೆ ಕಾಲಿಡಲು ಹೆದರಿಕೆ ಎಂದು ಅವರಿಗೆ ಹೇಗೆ ಹೇಳುವುದು? ಸೋಂಪಿನ ಬಟ್ಟಲು ಮುಂದಿಟ್ಟೆ.

ನಮ್ಮ ಕರಾವಳಿಯ ಹೋಟೆಲಿನವರ ಲೆಕ್ಕಾಚಾರ ಸರಳ. ಪಾತ್ರೆ ತೊಳೆಯುವವನು ಒಂದು ದಿನ ದೋಸೆ ಕಾವಲಿಗೆ ಬರಬೇಕು, ಕಾವಲಿಯವನು ಒಂದು ದಿನ ಗಲ್ಲಾಕ್ಕೆ. ಗಲ್ಲಾ ಹತ್ತಿದವನು ಮತ್ತೆ ಒಲೆಯ ಮುಂದೆ ನಿಂತರೆ ವ್ಯಾಪಾರ ಮುಳುಗಿತೆಂದೇ ಅರ್ಥ. ನಾನೊಬ್ಬ ಮಾತ್ರ ಹೋಟೆಲು ಸ್ವಂತದ್ದಾದ ಮೇಲೂ ದೋಸೆ ಹುಯ್ಯುವುದನ್ನು ಬಿಟ್ಟಿರಲಿಲ್ಲ. ಅದರಲ್ಲಿ ನನಗೊಂದು ಸುಖವಿತ್ತು, ಸ್ವಲ್ಪ ಜಂಭವೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಕಾದ ಕಾವಲಿಗೆ ನೀರು ಚಿಮುಕಿಸಿದೆ. ಅದು ಚುಂಯ್ ಎಂದ ಕ್ಷಣದಲ್ಲೇ ಪಕ್ಕದ ಒಲೆಯ ಗ್ಯಾಸ್ ಪೈಪು ಕಿತ್ತುಕೊಂಡು ಬೆಂಕಿ ಸೂರಿನವರೆಗೆ ಎದ್ದಿತು. ನಮ್ಮ ಅಡುಗೆ ಭಟ್ಟರ ಮುಂಗೈ ಸುಟ್ಟಿತು. ಯಾರೋ ಓಡಿಹೋಗಿ ಗ್ಯಾಸ್ ಬಂದ್ ಮಾಡಿದರು. ನನ್ನ ಕೂದಲೂ ಕೊಂಕಲಿಲ್ಲ. ಆಮೇಲೆ ಗಾಯ ಮಾಗಿ ಭಟ್ಟರು ಒಲೆಗೆ ಮರಳಿದರು, ಗಾಯವೇ ಇಲ್ಲದ ನಾನು ಗಲ್ಲಾಕ್ಕೆ ಓಡಿದೆ.

ಚುಂಯ್ ಸದ್ದು ಕಿವಿಗೆ ಬಿದ್ದರೆ ಸಾಕು, ಆ ಭಾನುವಾರ ಇಡಿಯಾಗಿ ಎದುರು ನಿಲ್ಲುತ್ತಿತ್ತು. ಮುಖಕ್ಕೆ ಬಿಸಿ ಹೊಡೆಯುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದರೆ ಬಾಲ್ಕನಿಗೆ ಓಡುತ್ತಿದ್ದೆ. ಪಾಪ, ಹೆಂಡತಿ ಒಗ್ಗರಣೆಯನ್ನೇ ನಿಲ್ಲಿಸಿದಳು. ಒಗ್ಗರಣೆಯಿಲ್ಲದ ಸಾರು ಉಂಡವರಿಗೆ ಗೊತ್ತು, ಒಬ್ಬನ ಕಾಯಿಲೆ ಮನೆಮಂದಿಗೆಲ್ಲ ಹೇಗೆ ಬಡಿಯುತ್ತದೆ ಎಂದು. ಹೋಟೆಲಿನಲ್ಲಿ ಗಿರಾಕಿ ಇನ್ನೊಂದಿಷ್ಟು ಚಟ್ನಿ ಕೇಳಿದರೂ ಸಿಡುಕುತ್ತಿದ್ದೆ. ಅದನ್ನೂ ಮಾವ ಧಣಿಯ ಗತ್ತು ಎಂದೇ ಮೆಚ್ಚಿಕೊಂಡರು.

ಕೊನೆಗೆ ಬಾಯಿಬಿಟ್ಟವಳು ಕಾಲೇಜಿಗೆ ಹೋಗುವ ಮಗಳು. "ಪಪ್ಪಾ, ಯೇ ಸಿರ್ಫ್ ಡರ್ ನಹೀ ಹೈ. ಇದು ಬರೀ ಭಯ ಅಲ್ಲ, ಪಿಟಿಎಸ್‌ಡಿ, ದೊಡ್ಡ ಆಘಾತ ಆದ ಮೇಲೆ ಬರೋ ಕಾಯಿಲೆ. ಡಾಕ್ಟರ್ ಹತ್ರ ಚಲೋ."

ಮಾವ ಗಹಗಹಿಸಿ ನಕ್ಕರು. "ಅದು ಗಡಿ ಕಾಯುವವರಿಗೆ ಬರುವ ಕಾಯಿಲೆ. ದೋಸೆ ಹುಯ್ಯುವವನಿಗೆ ಎಂಥ ಯುದ್ಧ? ಕೈ ಸುಟ್ಟದ್ದು ಭಟ್ರಿಗೆ, ಔಷಧ ನಿನಗಾ?" ಒಂದು ಹೋಮ, ಕೈಗೊಂದು ದಾರ, ಬೆಳಗಿನ ವಾಕಿಂಗು, ಇಷ್ಟು ಅವರ ಚಿಕಿತ್ಸೆ. ಎಲ್ಲದರ ಮೇಲೆ "ಮರೆತುಬಿಡು" ಎಂಬ ಬಿಟ್ಟಿ ಗುಳಿಗೆ. ಮರೆಯಲು ಬರುತ್ತಿದ್ದರೆ ನಾನು ಮೊದಲು ಅವರ ಮಾತುಗಳನ್ನೇ ಮರೆಯುತ್ತಿದ್ದೆ.

ಆಸ್ಪತ್ರೆಗೆ ಹೋದೆನೆಂದು ತಿಳಿದಾಗ ಮಾವ ಫ್ಲಾಸ್ಕಿನಲ್ಲಿ ಗಂಜಿ, ಚೀಲದಲ್ಲಿ ಸೇಬು ಹಿಡಿದು ಯಾವ ವಾರ್ಡು ಎಂದು ಫೋನ್ ಮಾಡಿದರು. ಅಡ್ಮಿಟ್ ಆಗುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಒಪಿಡಿಗೆ ಬಂದು ಮನೆಗೆ ಹೋದರಾಯಿತು ಎಂದರು ಡಾಕ್ಟರು ಎಂದೆ. "ಅಡ್ಮಿಟ್ ಮಾಡಿಲ್ವಾ? ಹಾಗಾದ್ರೆ ಎಂಥ ಕಾಯಿಲೆ ಅದು!" ಎಂದು ನೊಂದುಕೊಂಡರು. ನಮ್ಮಲ್ಲಿ ಮಂಚ ಹಿಡಿಯದ ರೋಗಕ್ಕೆ ಮರ್ಯಾದೆಯಿಲ್ಲ.

ಡಾಕ್ಟರು ಗುಳಿಗೆಯೂ ಇದೆ, ಮಾತಿನ ಚಿಕಿತ್ಸೆಯೂ ಇದೆ, ಕೆಲವರಿಗೆ ಎರಡೂ ಬೇಕಾಗುತ್ತದೆ ಎಂದು ವಿವರಿಸಿ, ನನ್ನನ್ನು ಮಾತಿನ ಚಿಕಿತ್ಸೆಗೆ ಕಳಿಸಿದರು. ಅಲ್ಲಿ ಚಿಕಿತ್ಸೆ ಕೊಡುವವಳು ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿದ್ದಾಳು. ಬೆಂಕಿ ಆರಿದೆ, ಆದರೆ ನಿಮ್ಮ ದೇಹಕ್ಕೆ ಆ ಸುದ್ದಿ ಇನ್ನೂ ತಲುಪಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ಅಷ್ಟು ಜನ ಇಷ್ಟು ಉಪದೇಶ ಮಾಡಿದ್ದರಲ್ಲ, ಅರ್ಥವಾದ ಮೊದಲ ಮಾತು ಅದು. ಅವಳೆದುರು ನಾಚಿಕೆಯಿಲ್ಲದೆ ಅತ್ತೆ. ಇನ್ನೆಂದೂ ದೋಸೆ ಹುಯ್ಯಲಾರೆ ಎಂಬ ದುಃಖವನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ನಗುತ್ತಿದ್ದರು.

ಅವಳ ಚಿಕಿತ್ಸೆಯೆಂದರೆ, ಕಣ್ಣು ಮುಚ್ಚಿ ಆ ಭಾನುವಾರವನ್ನು ಮತ್ತೆ ಮತ್ತೆ ಹೇಳಬೇಕು, ಹೇಳಿದ್ದರ ರೆಕಾರ್ಡಿಂಗನ್ನು ಮನೆಯಲ್ಲಿ ಕೇಳಬೇಕು. ಮೊದಮೊದಲು ಕಾಯಿಲೆ ಹೆಚ್ಚಾದಂತೆಯೇ ಅನಿಸಿ ಬಿಟ್ಟುಬಿಡೋಣ ಎಂದುಕೊಂಡೆ. ಹೇಳಿದ್ದನ್ನೇ ಹೇಳುವುದರಲ್ಲಿ ಮಾವನೂ ನಿಪುಣರೇ. ಅವರ ಕತೆ ಪ್ರತಿ ಸಲವೂ ಉಬ್ಬುತ್ತದೆ, ನನ್ನದು ಮೆಲ್ಲಗೆ ಇಳಿಯತೊಡಗಿತು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದು, ತಣ್ಣನೆಯ ಕಾವಲಿಯ ಪಕ್ಕ ನಿಲ್ಲುವುದು, ಭಯ ತಾನಾಗಿ ತಗ್ಗುವವರೆಗೂ ಅಲ್ಲಿಂದ ಓಡದಿರುವುದು. ಓಡಿದಷ್ಟೂ ಭಯ ಬೆಳೆಯುತ್ತದಂತೆ. ಹಾಗೆ ನೋಡಿದರೆ ಮಾವ ಮೆಚ್ಚಿದ ಆ ಗಲ್ಲಾದಲ್ಲಿ ನಾನು ಕೂತು ಕೂತು ಸಾಕಿದ್ದು ಭಯವನ್ನೇ. "ಹಣ ತೆಗೆದುಕೊಂಡು ಧಣಿಯನ್ನು ಭಟ್ಟ ಮಾಡುವ ಆಸ್ಪತ್ರೆಯನ್ನು ದಿಲ್ಲಿಯಲ್ಲೇ ನೋಡಿದ್ದು!" ಎಂದು ಅವರು ನೆಂಟರಿಗೆಲ್ಲ ಸಾರಿದರು.

ಕಾದ ಕಾವಲಿಯ ಮುಂದೆ ನಿಲ್ಲುವ ದಿನವೂ ಬಂತು. ಹೆಂಡತಿ ಗಲ್ಲಾದಲ್ಲಿ ಕೂತಳು. ಭಟ್ಟರು ನನ್ನ ಪಕ್ಕ ಬಂದು ನಿಂತರು. ಕಾದ ಕಾವಲಿಗೆ ನೀರು ಚಿಮುಕಿಸಿದೆ. ಚುಂಯ್! ಕಾಲು ಬಾಗಿಲಿನತ್ತ ತಿರುಗಿತು, ಬಾಗಿಲಿನತ್ತ ತಿರುಗಿದ ಕಾಲನ್ನು ನಾನೇ ಬೈದು ನಿಲ್ಲಿಸಿದೆ. ಹನಿಗಳು ಕಾವಲಿಯ ಮೇಲೆ ಓಡಾಡಿ ಆರಿದವು. ಅಷ್ಟೇ, ಇನ್ನೇನೂ ಆಗಲಿಲ್ಲ. ಹಿಟ್ಟು ಹುಯ್ದೆ. ದೋಸೆ ಸೊಟ್ಟಗೆ ಹರಡಿತು, ಒಂದು ಅಂಚು ಕರಕಲಾಯಿತು.

"ಇನ್ನೊಂದು ಹುಯ್ಯಿರಿ," ಎಂದರು ಭಟ್ಟರು.

ತಿಂಡಿಗೆಂದು ಬಂದಿದ್ದ ಮಾವ ತಟ್ಟೆ ಕೊಡುವ ಕಿಂಡಿಯಿಂದ ಇಣುಕಿ ನನ್ನನ್ನು ಕಂಡರು. ಸೂತಕದ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ಕೇಳಿದರು, "ಅಯ್ಯೋ, ಎಂಥ ಆಯ್ತೋ? ಭಟ್ರು ಬಿಟ್ಟು ಹೋದ್ರಾ?"

"ಇಲ್ಲ ಮಾವ," ಎಂದೆ. "ನಾನು ವಾಪಸ್ ಬಂದೆ."