ಖಾಲಿ ಪರದೆ ಮತ್ತು ಶಮೀಮ್ ಮಿಸ್

ಪಾಠ ಹೇಳುವಾಗ ಶಮೀಮ್ ಮಿಸ್ ಕೀಲಿಮಣೆ ಮುಟ್ಟುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಮ್ಮ ಬೆನ್ನಿಗೆ ನಿಂತಿರುತ್ತಿದ್ದರು. ಸಕಲೇಶಪುರದ ಲಾರಿ ಮಾಲೀಕರೊಬ್ಬರ ಮಗಳು. ತೊಂಬತ್ತರ ದಶಕದಲ್ಲಿ ಆಲೂರಿನ ಲೋಕೇಶಪ್ಪನ ಕಂಪ್ಯೂಟರ್ ಸೆಂಟರಿನಲ್ಲಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಕೆ. ಹೊಸಕೋಟೆಯಿಂದ ಬಸ್ಸು ಹಿಡಿದು ಕಲಿಯಲು ಬರುತ್ತಿದ್ದ ಮೆಣಸಿನ ವ್ಯಾಪಾರಿ ನಾನು, ಏಳನೇ ಕ್ಲಾಸು ಓದಿದವನು.

ಪರದೆಯ ಮೇಲೆ 'ಓಕೆ' ಎಂದು ಬಂದರೆ ಯಂತ್ರ ಕಾಯುತ್ತಿದೆ ಎಂದರ್ಥ. ಒಂದು ಸಾಲು ಹೊಡೆದರೆ ಆ ಕ್ಷಣವೇ ಉತ್ತರ. ತಪ್ಪಿದರೆ 'ಸಿಂಟ್ಯಾಕ್ಸ್ ಎರರ್'. ನಾನು ಬೆವರಿದರೆ ಮಿಸ್, "ಹೊಡೀರಿ ಸಾವ್ಕಾರ್ರೆ, ಅದೇನ್ ಬೈಯ್ತಿಲ್ಲ. ನಂಗರ್ಥ ಆಗ್ಲಿಲ್ಲ ಅಂತೈತೆ, ಅಷ್ಟೆ" ಎನ್ನುತ್ತಿದ್ದರು. ವ್ಯಾಪಾರವೂ ಹೀಗೆಯೇ. ಒಂದು ಮಾತು ಎಸೆ, ಮುಖ ನೋಡು, ಆಮೇಲೆ ಮುಂದಿನದು. ಹೊಸಬರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ.

ಲೋಕೇಶಪ್ಪನ ಅಳಿಯ ಡಿಪ್ಲೊಮಾ ಮುಗಿಸಿ ಬಂದ. ಅವನಿಗೆ ಜಾಗ ಮಾಡಬೇಕಿತ್ತು. "ಆಯಮ್ಮಂಗೆ ಏನೂ ಬರಲ್ಲ, ಮಕ್ಳಿಗೆ ತಪ್ಪು ಹೇಳ್ಕೊಟ್ಟವ್ಳೆ" ಎಂದು ಪೋಷಕರಿಗೆಲ್ಲ ಸಾರಿ ಲೋಕೇಶಪ್ಪ ಮಿಸ್ಸನ್ನು ಕೆಲಸದಿಂದ ಬಿಡಿಸಿದ. ಮಾತು ಸಕಲೇಶಪುರಕ್ಕೂ ಮುಟ್ಟಿತು. ಬೇರೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ.

ಹೊಸ ಬ್ಯಾಚಿನ ದಿನ ಅಳಿಯ ಪೋಷಕರೆದುರು ಮೊದಲೇ ತುಂಬಿಟ್ಟಿದ್ದ ಪ್ರೋಗ್ರಾಮ್ ಓಡಿಸಿದ. ಹೆಸರು ಹೊಡೆದರೆ ಪರದೆಯ ಮೇಲೆ ಹೂವು, ಸ್ವಾಗತ. ಚಪ್ಪಾಳೆ ಬಿತ್ತು. ಯಾರೂ ಕರೆಯದಿದ್ದರೂ ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಮಿಸ್ ಎದ್ದರು.

"ಚೆನ್ನಾಗೈತೆ. ಇದನ್ನ ನಿಲ್ಸಿ, ಖಾಲಿ ಪರದೇಲಿ ಒಂದ್ ಸಾಲು ಹೊಡೀರಿ. ಸಾವ್ಕಾರ್ರೆ, ಏನಾದ್ರೂ ಕೇಳಿ."

ನಾನು ಕಾದೇ ಇದ್ದೆ. "ಮೂವತ್ತೇಳು ಚೀಲ ಮೆಣಸು, ಚೀಲಕ್ಕೆ ಐವತ್ತು ಕೆಜಿ. ನೂರಕ್ಕೆ ಎರಡು ಕೆಜಿ ಧೂಳು ಹೋದ್ರೆ ಉಳಿಯೋದೆಷ್ಟಪ್ಪ?"

ಅಳಿಯ ಹೊಡೆದ. ಸಿಂಟ್ಯಾಕ್ಸ್ ಎರರ್. ತಿದ್ದಿ ಹೊಡೆದ. ಅದೇ.

"ಸಾಕು ಬಿಡಮ್ಮ, ಕರೆಂಟ್ ಹೋಗೋ ಟೈಮು" ಎಂದ ಲೋಕೇಶಪ್ಪ.

"ಹೋಗ್ಲಿ ಬುಡಿ, ಬರೋವರ್ಗೂ ಕೂತಿರ್ತೀವಿ" ಎಂದರು ಮಿಸ್.

ಹುಡುಗನ ಕುತ್ತಿಗೆ ಬೆವರಿದರೂ ಮಿಸ್ ಬಿಡಲಿಲ್ಲ. ಇನ್ನೂ ಎರಡು ಸಲ ಹೊಡೆಸಿದರು. ಕೊನೆಗೆ, "ಈಗ ನಾನು ತಪ್ಪು ಹೇಳ್ಕೊಟ್ಟೋರು ಬರ್ಲಿ" ಎಂದು ನನ್ನತ್ತ ನೋಡಿದರು. ನಾನು ಒಂದೇ ಬೆರಳಲ್ಲಿ ಒಂದು ಸಾಲು ಕುಟ್ಟಿದೆ. ಸಾವಿರದ ಎಂಟುನೂರ ಹದಿಮೂರು. ಓಕೆ.

ಸೇಡು ತೀರಿಸಿಕೊಳ್ಳುವವರಿಗೆ ನನ್ನ ಸಲಹೆ: ಹಗಲಲ್ಲಿ ತೀರಿಸಿಕೊಳ್ಳಿ, ಅದೂ ಅವನದೇ ಅಂಗಡಿಯಲ್ಲಿ.

ಲೋಕೇಶಪ್ಪ ಮಿಸ್ಸನ್ನು ವಾಪಸ್ಸು ಕರೆಯಲು ಅವರ ಮನೆಗೆ ಹೋದ. ಹೇಳಿದ್ದೆಲ್ಲ ಸುಳ್ಳೆಂದು ಅದೇ ಪೋಷಕರೆದುರು ಒಪ್ಪಿಕೊಂಡರೆ ಯೋಚಿಸುವೆನೆಂದರು ಮಿಸ್. ಪಾಪ, ಒಪ್ಪಿಕೊಂಡ. ಮಿಸ್ ಯೋಚಿಸಿ, ಸಕಲೇಶಪುರದಲ್ಲಿ ಸ್ವಂತ ಸೆಂಟರ್ ತೆರೆದರು. ಅವನ ಹುಡುಗರೆಲ್ಲ ಅಲ್ಲಿಗೇ ಹೋದರು.

ಮಿಸ್ ಕಡೆಯ ಸಲ ಸಿಕ್ಕಿದ್ದು ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ. ಮದುವೆಯಾಗಿ ಮಂಗಳೂರಿಗೆ ಹೊರಟಿದ್ದರು.

"ಲೋಕೇಶಪ್ಪ ಮೆತ್ತಗಾಗವ್ನೆ ಮಿಸ್. ಹೋಗೋ ಮುಂಚೆ ಕ್ಷಮಿಸ್ಬುಡಿ."

"ಕ್ಷಮಿಸ್ಬುಟ್ರೆ ಮರ್ತ್ಬುಡ್ತಾನೆ ಕಣ್ರೀ."

ಬಸ್ಸು ಹತ್ತಿ ಕಿಟಕಿಯ ಗಾಜು ಎಳೆದುಕೊಂಡರು.