ಖಾಲಿ ಬಿಟ್ಟ ಹದಿನಾರು ಪುಟ

ಗಾಣದಕ್ಕನಿಗೆ ಒಂದು ತಿಂಗಳ ಕೂಲಿ ಇನ್ನೂ ಬರಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕಥೆಯ ಸಂದಣಿಯಲ್ಲಿ ಕಳೆದುಹೋಗಬಾರದು. ಕೊಡಬೇಕಾದವನು ಪುಸ್ತಕದ ಬೈಂಡಿಂಗ್ ಮಾಡಿಸುವ ಮಾಲೀಕ. ಕೊಡದೆ ಇರುವುದಕ್ಕೆ ಅವನು ತೋರಿಸುವ ಕಾರಣ ಒಂದು ಪ್ರೇಮಕಥೆ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟ. ಅದಕ್ಕೆ ಅಲ್ಲಿ ಫಾರಂ ಅನ್ನುತ್ತಾರೆ. ಉದ್ದನೆಯ ಮೇಜಿನ ಅಂಚಿಗೆ ಫಾರಂಗಳ ರಾಶಿಗಳು ಸಾಲಾಗಿ ಕೂತಿರುತ್ತವೆ. ಒಂದೊಂದರಿಂದ ಒಂದೊಂದು ಎತ್ತಿಕೊಳ್ಳುತ್ತ ಸುತ್ತು ಮುಗಿಸಿದರೆ ಕೈಯಲ್ಲಿ ಒಂದು ಪುಸ್ತಕ. ಗಾಣದ ಎತ್ತಿನ ಹಾಗೆ, ಬೆಳಗ್ಗೆ ಹಿಡಿದ ಸುತ್ತನ್ನು ಅವಳು ಸಂಜೆವರೆಗೆ ಬಿಡುವುದಿಲ್ಲ. ಅದಕ್ಕೇ ಆ ಹೆಸರು. ಮಡಚುವ ಹೆಂಗಸರು ಕೂತಲ್ಲಿಂದಲೇ ರೇಗಿಸುತ್ತಿದ್ದರು.

"ಗಾಣದಕ್ಕಾ, ಎಣ್ಣೆ ಬಂತಾ?"

"ಬಂತು ಕಣ್ರೇ, ಮಾಲೀಕರ ತಲೆಗೆ. ನಿಮ್ಗೆ ಹಿಂಡಿ ಇದೆ, ತಿನ್ನಿ."

ಅಪ್ಪ ಅಮ್ಮ ಬೇಗ ಹೋಗಿಬಿಟ್ಟಿದ್ದರು. ತಂಗಿಯನ್ನು ಸಾಕಿದವಳು ಇವಳೇ. ತಂಗಿಗೆ ಕಥೆಪುಸ್ತಕದ ಹುಚ್ಚು. ಅಕ್ಕ ತಂದುಕೊಟ್ಟ ಹಾಳಾದ ಹಾಳೆಗಳನ್ನೂ ಓದುವಳು, ಓದಿ ಸುಮ್ಮನಿರುವವಳಲ್ಲ. ಎಲ್ಲಿ ಬಿಳಿ ಜಾಗ ಕಂಡರೂ ಪೆನ್ನಿನಿಂದ ಗೀಚುವಳು. 'ಇವನು ಪಕ್ಕಾ ಕಳ್ಳ', 'ಇವಳಿಗೆ ಬುದ್ಧಿ ಇಲ್ಲ' ಅಂತ ಪಾತ್ರಗಳ ಜೊತೆ ಜಗಳ. ಗ್ರಂಥಾಲಯದವರು ದಂಡ ಹಾಕಿ ಹಾಕಿ ಸೋತು, ಕೊನೆಗೆ ಇವಳಿಗೆ ಪುಸ್ತಕ ಕೊಡುವುದನ್ನೇ ನಿಲ್ಲಿಸಿದರು.

ಒಂದು ಮಧ್ಯಾಹ್ನ, ಅಕ್ಕ ಮೇಜು ಸುತ್ತುತ್ತಿದ್ದ ಹೊತ್ತಿನಲ್ಲಿ, ಆ ಹುಡುಗಿ ಯಾವನೋ ಒಬ್ಬನ ಜೊತೆ ಹೊರಟುಹೋದಳು. ಅವನು ಯಾರು, ಎಂಥವನು, ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಠಾಣೆಯಲ್ಲಿ, "ವಯಸ್ಸಿಗೆ ಬಂದವಳು, ಇಷ್ಟಪಟ್ಟು ಹೋಗಿದಾಳೆ, ನೀವ್ ಯಾಕಮ್ಮ ಗೋಳಾಡ್ತೀರಿ?" ಅಂದರು. ವರ್ಷಗಳು ಕಳೆದವು. ಬದುಕಿದ್ದಾಳೋ ಇಲ್ಲವೋ, ಒಂದು ಮಾತು ಬರಲಿಲ್ಲ. ಗಾಣದಕ್ಕ ಇವತ್ತಿಗೂ ಊಟಕ್ಕೆ ಎರಡು ತಟ್ಟೆ ತೆಗೆಯುತ್ತಾಳೆ. ಒಂದರಲ್ಲಿ ಉಣ್ಣುತ್ತಾಳೆ, ಎರಡನ್ನೂ ತೊಳೆಯುತ್ತಾಳೆ.

ಇಂಥವಳ ಮೇಜಿಗೆ ಆ ಕಾದಂಬರಿ ಬಂತು. ಹದಿಹರೆಯದವರಿಗೆಂದು ಬರೆದದ್ದು. ಅಕ್ಕನ ಜೊತೆ ಇರುವ ಒಬ್ಬ ಹುಡುಗಿ. ಬಾಗಿಲು ತೆಗೆಯದೆ, ಗೋಡೆಯ ನೆರಳಿನಿಂದಲೇ ಒಳಗೆ ಬರುವ ನೆರಳುನಾಡಿನ ರಾಜಕುಮಾರ. ಅವನ ಜೊತೆ ಹೋದರೆ ಸಾವಿಲ್ಲ, ಆದರೆ ಅವಳನ್ನು ಬಲ್ಲವರೆಲ್ಲ ಅವಳನ್ನು ಮರೆತುಬಿಡುತ್ತಾರೆ. ಫಾರಂಗಳು ಒಂದೊಂದಾಗಿ ಮುದ್ರಣಾಲಯದಿಂದ ಬರುತ್ತಿದ್ದವು. ಮಸಿ ಹರಡಿದ ಹಾಳೆಗಳನ್ನು ಹೆಂಗಸರು ಊಟದ ಹೊತ್ತಿನಲ್ಲಿ ಓದುತ್ತ ಮುಂದಿನದಕ್ಕೆ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು.

"ಹೋಗ್ತಾಳೆ ನೋಡ್ತಿರು. ಅಂಥ ಗಂಡು ಸಿಕ್ರೆ ನಾನೇ ಹೋಗ್ತಿದ್ದೆ."

"ನಿನ್ನ ನೋಡಿದ್ರೆ ಅವನೇ ವಾಪಸ್ ಗೋಡೆಯೊಳಗೆ ಹೋಗ್ತಾನೆ, ಸುಮ್ನಿರೇ."

ಗಾಣದಕ್ಕ ನಗುತ್ತಿರಲಿಲ್ಲ. ಆ ಕಥೆ ಶುರುವಾದ ಮೇಲೆ ಮೇಜು ಸುತ್ತುವಾಗ ಹಿಂದೆ ಇನ್ನೊಂದು ಜೊತೆ ಹೆಜ್ಜೆ ಕೇಳುತ್ತಿತ್ತು ಎಂದು ನನಗೆ ಆಮೇಲೆ ಹೇಳಿದಳು. ಇವಳು ನಿಧಾನ ಮಾಡಿದರೆ ಅದೂ ನಿಧಾನ. ತಿರುಗಿದರೆ ಬರೀ ಫಾರಂಗಳ ರಾಶಿ. ನನಗೆ ದೆವ್ವಗಳಲ್ಲಿ ನಂಬಿಕೆಯಿಲ್ಲ. ಮಾಲೀಕರನ್ನು ನೋಡಿದ್ದೇನೆ, ಅಷ್ಟೇ ಸಾಕು. ಆದರೆ ಅವಳು ಅದನ್ನು ಹೇಳುವಾಗ ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು.

ಕೊನೆಯ ಫಾರಂ ಬಂದ ದಿನ ಒಬ್ಬಳು ಗಟ್ಟಿಯಾಗಿ ಓದಿದಳು. ಹುಡುಗಿ ನೆರಳು ದಾಟಿದಳು. ಮರುದಿನ ಬೆಳಗ್ಗೆ ಅವಳ ಅಕ್ಕ ಎರಡು ತಟ್ಟೆ ತೆಗೆದಳು, ಇನ್ನೊಂದು ಯಾಕೆ ತೆಗೆದೆನೆಂದು ಅವಳಿಗೇ ತಿಳಿಯಲಿಲ್ಲ, ನಗುತ್ತ ಮತ್ತೆ ಒಳಗಿಟ್ಟಳು. ಕಥೆ ಮುಗಿಯಿತು. ಮಡಚುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಚೆನ್ನಾಗಿದೆ ಎಂದರು. ಗಾಣದಕ್ಕ ಎದ್ದು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಆಮೇಲೆ ಅವಳು ಮಾಡಿದ್ದು ಇಷ್ಟು. ಮುದ್ರಣಾಲಯದಲ್ಲಿ ಉಳಿದು ಬಂದ ಬಿಳಿ ಹಾಳೆಗಳನ್ನು ಅದೇ ಅಳತೆಗೆ ಮಡಚಿದಳು. ಕೊನೆಯ ಫಾರಂಗಳ ಒಂದು ರಾಶಿಯನ್ನು ರದ್ದಿ ಮೂಟೆಗೆ ತುಂಬಿದಳು. ಆ ಜಾಗದಲ್ಲಿ ಬಿಳಿ ಫಾರಂ ಇಟ್ಟು ಸುತ್ತಿದಳು. ಪುಸ್ತಕದ ದಪ್ಪ ಸರಿಯಾಗಿತ್ತು, ಯಾರೂ ಅನುಮಾನಪಡಲಿಲ್ಲ. ಅವತ್ತು ಆ ಹೆಜ್ಜೆ ಹಿಂದಿನಿಂದ ಬರಲಿಲ್ಲವಂತೆ. ಅವಳನ್ನು ದಾಟಿ ಮುಂದೆ ಹೋಯಿತಂತೆ.

ಅಂಗಡಿಗಳಿಂದ ದೂರು ಬಂತು. ಮಾಲೀಕ ಎಲ್ಲರನ್ನೂ ನಿಲ್ಲಿಸಿ ಕೂಗಾಡಿದ. ಇವಳು ಮುಂದೆ ಬಂದಳು.

"ನಾನೇ ಮಾಡಿದ್ದು ಯಜಮಾನ್ರೇ."

"ಯಾಕಮ್ಮ? ತಲೆ ಕೆಟ್ಟಿದ್ಯಾ?"

"ಕೊನೇದು ಸುಳ್ಳು ಬರ್ದಿದಾರೆ."

"ಕಥೆ ಅಂದ್ರೆ ಸುಳ್ಳೇ ಅಲ್ವೇನಮ್ಮ!"

"ಅವ್ನು ಗೋಡೆಯಿಂದ ಬಂದ, ಆಯ್ತು, ಒಪ್ಕೊಂಡೆ. ಅಕ್ಕ ಮರೆತ್ಲು ಅಂದ್ರೆ ಒಪ್ಪಲ್ಲ."

ಅಲ್ಲಿಗೆ ಕೆಲಸ ಹೋಯಿತು. ಆ ತಿಂಗಳ ಕೂಲಿಯನ್ನು ಅವನು ತಡೆಹಿಡಿದ. ವಾಪಸ್ ಬರುವ ಒಂದೊಂದು ಪುಸ್ತಕದ ಬೆಲೆಯನ್ನೂ ಅದರಲ್ಲಿ ಮುರಿದುಕೊಳ್ಳುತ್ತೇನೆ, ಉಳಿದರೆ ಕೊಡುತ್ತೇನೆ ಎಂದ. ಬೈಂಡಿಂಗ್ ಕೆಲಸಗಾರರ ಸಂಘದ ಪರವಾಗಿ ನಾನು ಅವಳನ್ನು ಕರೆದುಕೊಂಡು ಅವನ ಗೇಟಿಗೆ ಹೋದೆ. ಕೂಲಿ ಕೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇವಳು ಕಾವಲುಗಾರನನ್ನು ಕೇಳಿದಳು:

"ಅಣ್ಣಾ, ವಾಪಸ್ ಬಂದಿದಾವಾ?"

ರದ್ದಿಗೆ ಹೋಗುವ ಮೊದಲು ಆ ಪುಸ್ತಕಗಳು ಗೇಟಿನ ಪಕ್ಕದ ಕೋಣೆಯಲ್ಲಿ ಬಿದ್ದಿರುತ್ತವೆ. ಅವಳು ನೆಲದ ಮೇಲೆ ಕೂತು ಒಂದೊಂದನ್ನೂ ಹಿಂದಿನಿಂದ ತೆರೆದಳು. ಬಿಳಿ. ಬಿಳಿ. ಒಂದರಲ್ಲಿ ಯಾರದೋ ಹಾಲಿನ ಲೆಕ್ಕ. ಇನ್ನೊಂದರಲ್ಲಿ ಮಗುವೊಂದು ಬಿಡಿಸಿದ ಬೆಕ್ಕು, ಕಾಲು ಐದು. ಮತ್ತೆ ಬಿಳಿ.

ನನಗೆ ಸಿಟ್ಟು ಬಂತು. "ನಿನ್ ಕೂಲಿ ತಿಂತಿರೋ ಪುಸ್ತಕ ಕಣಮ್ಮ ಇವು! ಬಂದಷ್ಟೂ ನಿಂಗೇ ನಷ್ಟ. ಇದ್ರಲ್ಲೇನು ಹುಡುಕ್ತೀಯ?"

"ಅವ್ಳ ಕೈಬರಹ," ಎಂದಳು. "ಈ ಪುಸ್ತಕ ಅವ್ಳ ಕೈಗೆ ಸಿಕ್ರೆ ಓದ್ದೇ ಬಿಡ್ತಾಳಾ? ಬಿಳಿ ಜಾಗ ಕಂಡ್ರೆ ಬರೀದೇ ಇರ್ತಾಳಾ? ಬರೀಲಿ ಅಂತಾನೇ ಜಾಗ ಬಿಟ್ಟಿದ್ದು."

ಒಂದು ರಾಶಿ ಪುಸ್ತಕದಲ್ಲಿ ಒಂದು ಪುಸ್ತಕ ಆ ತಂಗಿಗೇ ಸಿಗಬೇಕು, ಅವಳು ಬರೆಯಬೇಕು, ಬರೆದದ್ದು ಈ ಗೇಟಿಗೇ ತಿರುಗಿ ಬರಬೇಕು. ನಡೆಯುವ ಮಾತಲ್ಲ ಎಂದು ಹೇಳಲು ಬಾಯಿ ತೆರೆದೆ. ಕೋಣೆಯ ಹೊರಗೆ ಯಾರೋ ನಡೆದುಹೋದ ಸಪ್ಪಳವಾಯಿತು. ಇಬ್ಬರೂ ತಿರುಗಿ ನೋಡಿದೆವು. ಅಂಗಳ ಖಾಲಿಯಿತ್ತು. ಕಾವಲುಗಾರ ಕುರ್ಚಿಯಿಂದ ಎದ್ದಿರಲಿಲ್ಲ. ನಾನು ಅವಳ ಪಕ್ಕ ಕೂತು ಪುಸ್ತಕ ತೆರೆಯತೊಡಗಿದೆ.

ಕೂಲಿಯ ಜಗಳ ನಾವು ಬಿಡುವುದಿಲ್ಲ, ಅದು ನಮಗಿರಲಿ. ನಿಮಗೆ ಬೇರೆ ಕೆಲಸವಿದೆ. ಕೊನೆಯ ಹದಿನಾರು ಪುಟ ಖಾಲಿಯಿರುವ ಪ್ರತಿ ನಿಮ್ಮ ಮನೆಯಲ್ಲಿದ್ದರೆ ಅಂಗಡಿಗೆ ವಾಪಸ್ ಮಾಡಬೇಡಿ, ಒಂದೊಂದಕ್ಕೂ ಗಾಣದಕ್ಕನ ಅನ್ನ ಕಡಿಮೆಯಾಗುತ್ತದೆ. ನಿಮ್ಮ ಬೀದಿಯಲ್ಲಿ, ನೀವು ದುಡಿಯುವ ಜಾಗದಲ್ಲಿ, ತವರಿನ ಮಾತೆತ್ತದ ಹೆಂಗಸೊಬ್ಬಳು ಇದ್ದೇ ಇರುತ್ತಾಳೆ. ನೀವು ಎಂದೂ ಅವಳನ್ನು ಕೇಳಿಲ್ಲ. ಆ ಪುಸ್ತಕವನ್ನು ಅವಳ ಕೈಗೆ ಕೊಡಿ. ಜೊತೆಗೆ ಪೆನ್ನನ್ನೂ ಕೊಡಿ. ಅವಳು ಬರೆದದ್ದನ್ನು ನಮ್ಮ ಸಂಘದ ಬಾಗಿಲಿಗೆ ನೀವೇ ತಂದು ಮುಟ್ಟಿಸಿ.