ಮೋಟು ತೆನೆಯ ತಳಿ

ಮೊನ್ನೆ ಬನಿಯಾಸ್‌ನ ತರಕಾರಿ ಅಂಗಡಿಯಲ್ಲಿ ಮೆಕ್ಕೆಜೋಳದ ಸಿಪ್ಪೆ ಬಿಡಿಸಿ ನೋಡುತ್ತಿದ್ದಾಗ ಆ ಹಸಿ ವಾಸನೆ ಮೂಗಿಗೆ ಬಡಿಯಿತು. ನಮ್ಮ ಸರ್ ನೆನಪಾದರು...

ಅಬುಧಾಬಿಯ ಹೊರವಲಯದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರು ತಳಿ ವಿಜ್ಞಾನಿ, ನಾನು ಲ್ಯಾಬ್ ಟೆಕ್ನಿಷಿಯನ್. ನಾನು ಉಡುಪಿಯವಳು, ಅವರು ಧಾರವಾಡದ ಕಡೆಯವರು. ಇಲ್ಲಿನ ಉಪ್ಪುನೀರನ್ನೂ ಬಿಸಿಲನ್ನೂ ತಡೆಯುವ ಒಂದು ಹೈಬ್ರಿಡ್ ಮೆಕ್ಕೆಜೋಳ ಮಾಡಬೇಕೆಂಬುದು ಅವರ ಆಸೆ. ಅದಕ್ಕೆಂದೇ ಎರಡು ತಳಿಗಳನ್ನು ವರ್ಷಗಟ್ಟಲೆ ಸಾಕಿದ್ದರು. ಒಂದು ಎತ್ತರ, ಇನ್ನೊಂದು ಗಿಡ್ಡ. ದೂರದ ಸಂಬಂಧದ ತಳಿಗಳನ್ನು ಕೂಡಿಸಿದರೆ ಬೆಳೆಗೆ ಕಸುವು ಹೆಚ್ಚು. ಆದರೆ ನೋಡಲು ಬೇರೆಯಾಗಿರುವವು ಒಳಗೆ ಒಂದೇ ಆಗಿರಬಹುದು. ಎಳೆ ಎಲೆ ಅರೆದು, ಡಿಎನ್‌ಎ ಗುರುತುಗಳನ್ನು ಹೋಲಿಸಿ ಅದನ್ನು ಹೇಳುವುದು ನನ್ನ ಕೆಲಸ.

ಡಿಎನ್‌ಎ ತುಣುಕುಗಳು ಗೆರೆಗಳಾಗಿ ಕಾಣುವ ಜೆಲ್‌ನಲ್ಲಿ ಎರಡೂ ತಳಿಗಳ ಗೆರೆಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿದ್ದವು; ಅಂದರೆ ಎರಡೂ ಹತ್ತಿರದ ಸಂಬಂಧಿಗಳು.

"ಎಲಿ ಅದಲುಬದಲಾಗ್ಯಾವ. ಮತ್ತೊಮ್ಮೆ ಮಾಡವಾ," ಎಂದರು ಸಿಡುಕಿನಿಂದ.

"ಆಯ್ತು ಸರ್, ಈ ಸಲ ಎಲೆ ನೀವೇ ಕೊಯ್ದು ಕೊಡಿ."

ಕೊಯ್ದು ತಂದರು. ಫಲಿತಾಂಶ ಬದಲಾಗಲಿಲ್ಲ. ಜೊತೆಗೆ ಪರೀಕ್ಷಿಸಿದ್ದ ಬೇರೆ ತಳಿಗಳಲ್ಲಿ ಎಲ್ಲಕ್ಕಿಂತ ದೂರ ನಿಂತದ್ದು, ಜಾಗ ಸಾಲದೆಂದು ಅವರೇ ಕಿತ್ತುಹಾಕಲು ಹೇಳಿದ್ದರೂ ಹೊಲದಲ್ಲಿ ಉಳಿದಿದ್ದ ಮೋಟು ತೆನೆಯ ತಳಿ.

ಅವರ ಒಪ್ಪಂದ ಮುಗಿಯುತ್ತ ಬಂದಿತ್ತು. ಹಳೆಯ ಜೋಡಿಯನ್ನೇ ಯಶಸ್ವಿಯೆಂದು ತೋರಿಸಿದರೆ ವೀಸಾ ಮುಂದುವರಿಯುತ್ತದೆಂದು ಮೇಲಧಿಕಾರಿ ಸೂಚಿಸಿದ್ದರು. ಸರ್ ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಹೊರಗೆ ಬಂದು, "ನನ್ನ ಜೋಡಿ ಖಲಾಸ್ ನೋಡವಾ. ಮುಚ್ಚಿಟ್ರೂ ಬಿತ್ತಿದ ಮ್ಯಾಲೆ ಗೊತ್ತಾಗೇ ಆಗ್ತಿತ್ತು," ಎಂದರು.

ಮರುದಿನವೇ ಹೊಲಕ್ಕಿಳಿದು ಮೋಟು ತೆನೆಗೆ ತಮ್ಮ ಎತ್ತರದ ಗಿಡದ ಪರಾಗ ಉದುರಿಸಿ, ಕಾಗದದ ಚೀಲ ಕಟ್ಟಿದರು. ಆ ಕಾಳು ಬಲಿಯುವ ಮೊದಲೇ ಒಪ್ಪಂದ ಮುಗಿದು ಊರಿಗೆ ಹೊರಟರು.

ಮುಂದಿನ ಚಳಿಗಾಲದಲ್ಲಿ ಆ ಬೀಜದಿಂದ ಬಂದ ತೆನೆಯ ಫೋಟೊ ಕಳಿಸಿದೆ. ತಕ್ಷಣ ಫೋನ್ ಬಂತು. "ತುದಿತನಕಾ ಕಾಳು ತುಂಬ್ಯಾವೇನು?"

"ತುಂಬಿದೆ ಸರ್."

ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮತ್ತೊಂದು ಬಿತ್ತನೆಯ ಹೊತ್ತಿಗೆ ಅವರು ತೀರಿಕೊಂಡಿದ್ದರು...

ಈ ವರ್ಷ ಮದೀನತ್ ಜಾಯೆದ್ ಕಡೆಯ ತೋಟವೊಂದಕ್ಕೆ ಆ ಬೀಜ ಹೋಗಿದೆ. ಅದನ್ನು ತಿಳಿಸಲು ನಿನ್ನೆ ಅವರ ಮಗಳಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಆಕೆ ಅಂದಳು:

"ನಾವು ಅಪ್ಪನ್ನ ನೋಡಿದ್ದು ರಜಾದಾಗಷ್ಟ, ಅಕ್ಕಾ. ಅಲ್ಲೆ ಅವರು ಖುಷಿಯಾಗಿದ್ರೇನು?"

"ಹೊಲದಲ್ಲಿರುವಾಗ ತುಂಬಾ ಖುಷಿಯಲ್ಲಿದ್ರು ಮಾರಾಯ್ತಿ," ಎಂದೆ. ಉಳಿದ ಹೊತ್ತಿನ ಬಗ್ಗೆ ನನಗೂ ಗೊತ್ತಿರಲಿಲ್ಲ.